ಮೆಟ್ಟಿಲ ಮೇಲಿನ ಸಂಚಿ

ನಮ್ಮ ಬೀದಿಯಲ್ಲಿ ಮಹಾದೇವಿಗೆ ಈಗ ಒಂದು ಹೆಸರು ಬಂದಿದೆ: ಹೆತ್ತ ತಾಯಿಯನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದವಳು. ರಾಗಿ ಬೀಸಿಸಲು ಬಂದವರು ನಮ್ಮ ಗಿರಣಿ ಮುಂದೆ ನಿಂತು ಅದನ್ನೇ ಮಾತಾಡುತ್ತಾರೆ. ಮಾತಾಡುತ್ತಾ ನನ್ನ ಮುಖ ನೋಡುತ್ತಾರೆ, ನಾನೂ ಒಂದೆರಡು ಸೇರಿಸಲಿ ಎಂದು. ನಾನು ಸೇರಿಸುವುದಿಲ್ಲ. ನನಗೆ ಸಿಟ್ಟು ಬರುತ್ತದೆ. ಯಾರು ಯಾರಿಗೆ ಮೋಸ ಮಾಡಿದರು ಎಂದು ಕಣ್ಣಾರೆ ಕಂಡವಳು ನಾನು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಮಾದನಾಯಕನಹಳ್ಳಿಯಲ್ಲಿ ಹಳೇ ಮನೆತನ. ಅವರೆ, ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಗೋದಾಮುಗಳು ನಿಂತಿವೆ. ನಮಗೆ ಉಳಿದದ್ದು ಈ ಗಿರಣಿ ಮತ್ತು ಅದರ ಹಿಂದಿನ ಬಾಡಿಗೆ ರೂಮುಗಳ ಸಾಲು. ಆ ಸಾಲಿನ ಕೊನೇ ರೂಮಿಗೆ ಮಹಾದೇವಿ, ಅವಳ ಗಂಡ ಬಸಲಿಂಗ, ಮಗಳು ಶಿವಗಂಗಾ ಬಂದರು. ಸಿಂಧನೂರು ಕಡೆಯವರು. ಅವನು ಪೀಣ್ಯದಲ್ಲಿ ಲೇತ್ ಮಿಷನ್ ಓಡಿಸುತ್ತಾನೆ, ಅವಳು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ. ಮಗುವನ್ನು ನೋಡಿಕೊಳ್ಳಲು ಮಹಾದೇವಿಯ ತಾಯಿ ರುಕ್ಮವ್ವ ಊರು ಬಿಟ್ಟು ಬಂದು ಜೊತೆಗಿದ್ದಳು.

ಗಂಗಾಗೆ ಆಟಿಸಂ. ಈಗ ಒಂಬತ್ತು ವರ್ಷ. ಮಾತಿಲ್ಲ. ಸೊಂಟದವರೆಗೆ ಇಳಿದ ಜಡೆ, ಅದರ ತುದಿಯನ್ನು ತುಟಿಗೆ ಸವರಿಕೊಳ್ಳುತ್ತಾ ಗಂಟೆಗಟ್ಟಲೆ ಕೂತಿರುತ್ತಿದ್ದಳು. ಬಂದ ಹೊಸದರಲ್ಲಿ ನನ್ನ ಗಿರಣಿ ಶುರುವಾದರೆ ಸಾಕು, ಗೋಡೆಗೆ ತಲೆ ಚಚ್ಚಿಕೊಂಡು ಕಿರುಚುತ್ತಿದ್ದಳು. ಇವರನ್ನು ಖಾಲಿ ಮಾಡಿಸಿ ಎಂದು ಪಕ್ಕದ ರೂಮಿನವರು ನನ್ನ ಕಿವಿ ಕಚ್ಚಿದ್ದೂ ಉಂಟು.

ಜಾಲಹಳ್ಳಿ ಕಡೆ ಇಂಥ ಮಕ್ಕಳಿಗೆ ಕಲಿಸುವ ಒಂದು ಸಣ್ಣ ಕೇಂದ್ರವಿತ್ತು. ಏನು ಮಾಡುವುದಿದ್ದರೂ ಮೊದಲು ಮಗುವಿಗೆ ಚಿತ್ರ ತೋರಿಸಿ ಎಂದು ಅಲ್ಲಿನ ಮೇಡಂ ಹೇಳಿಕೊಟ್ಟರು. ಗಂಗಾ ಚಿತ್ರಗಳ ಕಡೆ ತಿರುಗಿಯೂ ನೋಡಲಿಲ್ಲ. ಆಗ ಮಹಾದೇವಿ ಚಿತ್ರ ಬಿಟ್ಟು ವಸ್ತುವನ್ನೇ ಹಿಡಿದಳು. ಸ್ನಾನಕ್ಕೆ ಮುಂಚೆ ಚೊಂಬು, ಹೊರಗೆ ಹೋಗುವ ಮುಂಚೆ ಚಪ್ಪಲಿ, ಮೆಟ್ರೊ ಹತ್ತುವ ಮುಂಚೆ ಮೆಟ್ರೊ ಕಾರ್ಡು. ಮಗು ಅದನ್ನು ಕೈಗೆ ತೆಗೆದುಕೊಂಡರೆ ಆಯಿತು ಎಂದರ್ಥ. ನೆಲದ ಮೇಲೆ ಇಟ್ಟುಬಿಟ್ಟರೆ ಒಲ್ಲೆ ಎಂದರ್ಥ.

ಇದಕ್ಕೆ ಅವಳದು ಒಂದೇ ಕಟ್ಟಳೆ. ತೋರಿಸಿದ್ದೇ ಆಗಬೇಕು, ಕೆಳಗಿಟ್ಟದ್ದು ಆಗಕೂಡದು.

"ಔಷಧಿ ಬಾಟ್ಲಿ ಕೆಳಗಿಟ್ರೆ ಏನ್ ಮಾಡ್ತೀಯಮ್ಮ?" ಎಂದು ನಾನು ಕೆಣಕಿದ್ದೆ.

"ಔಷಧಿ ಕುಡೀತಿ ಏನು ಅಂತ ಕೇಳಂಗೇ ಇಲ್ರೀ ಅಕ್ಕಾರ. ಕುಡಿಸೂದದ ಅಂತ ಮೊದ್ಲೇ ಹೇಳ್ತೀನಿ, ಅಕಿ ತಯಾರ್ ಆಗೂತನ ಕಾಯ್ತೀನಿ. ಬ್ಯಾಡ ಅನ್ನಾಕ ಬರಲಾರದ ಕಡೆ ಕೇಳಬಾರದು. ಕೇಳಿದ ಮ್ಯಾಲ ಅಕಿ ಮಾತ ಮೀರಬಾರದು."

ನನಗೂ ಒಂದು ಕೆಲಸ ಹಚ್ಚಿದಳು. ಗಿರಣಿ ಹಾಕುವ ಮುಂಚೆ ಹಿಟ್ಟು ಒರೆಸುವ ಬಿಳಿ ಬಟ್ಟೆಯನ್ನು ಮಗುವಿಗೆ ತೋರಿಸಬೇಕು. ತೆಗೆದುಕೊಂಡರೆ ಅವಳು ಕಿವಿ ಮುಚ್ಚಿಕೊಂಡು ಒಳಗೆ ಹೋಗುತ್ತಾಳೆ, ನಾನು ಸ್ವಿಚ್ ಹಾಕಬಹುದು. ಕೆಳಗಿಟ್ಟರೆ ನಾನು ಕಾಯಬೇಕು. ನನ್ನ ಗಿರಣಿಗೆ ಒಬ್ಬ ಪುಟ್ಟ ಯಜಮಾನಿ! ಗಿರಾಕಿಗಳು ಬೈದರು, ನಾನೂ ಗೊಣಗಿದೆ, ಆದರೂ ಕಾದೆ. ಒಂದೆರಡು ತಿಂಗಳಲ್ಲಿ ಕಿರುಚಾಟ ನಿಂತುಹೋಯಿತು. ಗಂಗಾ ಬಟ್ಟೆಯನ್ನು ಕೆಳಗಿಡುವುದೂ ಅಪರೂಪವಾಯಿತು. ಬೇಡ ಎಂದರೆ ನಡೆಯುತ್ತದೆ ಎಂದು ಗೊತ್ತಾದ ಮೇಲೆ ಅವಳಿಗೆ ಹೂಂ ಅನ್ನುವುದು ಸುಲಭವಾಗಿತ್ತು.

ಈ ವಿದ್ಯೆ ಎಲ್ಲರಿಗಿಂತ ಚೆನ್ನಾಗಿ ಕೈಗೆ ಹತ್ತಿದ್ದು ರುಕ್ಮವ್ವನಿಗೆ. ದಿನವೆಲ್ಲ ಮಗುವಿನ ಜೊತೆ ಇರುತ್ತಿದ್ದವಳು ಅವಳೇ ತಾನೆ? ತನಗೂ ಒಂದು ವಸ್ತುವನ್ನು ತಾನೇ ಗೊತ್ತುಮಾಡಿದ್ದಳು, ಹಳೆಯ ಎಲೆಅಡಿಕೆ ಸಂಚಿ. ಅವಳು ಊರಿಗೆ ಹೋದಾಗ ಅದು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಮರಳಿ ಬರುವ ದಿನ ಮಹಾದೇವಿ ಅದನ್ನು ತೆಗೆದು ತೋರಿಸಿದರೆ ಗಂಗಾ ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡು, ಅಜ್ಜಿ ಬರುವವರೆಗೆ ಬಾಗಿಲಲ್ಲಿ ಕುಣಿಯುತ್ತಿದ್ದಳು.

ಆದರೆ ರುಕ್ಮವ್ವನ ಎದೆಯಲ್ಲಿ ಒಂದು ಮುಳ್ಳಿತ್ತು. ಗಂಗಾಗೆ ಜವಳ ಆಗಿರಲಿಲ್ಲ. ಹುಟ್ಟುಗೂದಲನ್ನು ದೇವರ ಮುಂದೆ ಬೋಳಿಸುವ ಪದ್ಧತಿ ಅವರಲ್ಲಿ ಬಿಡುವ ಹಾಗಿಲ್ಲ. ಮೂರನೇ ವರ್ಷದಲ್ಲಿ ಕೂರಿಸಿದಾಗ ಮಗು ಅಳುತ್ತಾ ಉಸಿರು ಕಟ್ಟಿ ನೀಲಿಯಾಯಿತಂತೆ, ಮಹಾದೇವಿ ಎತ್ತಿಕೊಂಡು ಓಡಿ ಬಂದುಬಿಟ್ಟಳಂತೆ. ಅವತ್ತಿನಿಂದ ನೆಂಟರ ಬಾಯಲ್ಲಿ ಅದೇ ಮಾತು.

"ಜವಳಾ ತಗಸಲಾರದ ಕೂಸಿಗೆ ಮಾತ ಎಲ್ಲಿಂದ ಬರಬೇಕ್ರಿ ಅಕ್ಕಾರ?" ಎಂದು ರುಕ್ಮವ್ವ ನನ್ನ ಹತ್ತಿರವೂ ಅಲವತ್ತುಕೊಂಡಿದ್ದಳು.

ಹೋದ ವರ್ಷ ಈ ಮಾತು ಮತ್ತೆ ಎದ್ದಾಗ ಮಹಾದೇವಿ ಜಗಳವಾಡಲಿಲ್ಲ. ಕತ್ತರಿ ತಂದು ಗಂಗಾಳ ಮುಂದೆ ಹಿಡಿದಳು, ಆಮೇಲೆ ಅದನ್ನು ಅವಳ ಜಡೆಯ ಹತ್ತಿರ ತೋರಿಸಿದಳು. ಮಗು ಕತ್ತರಿಯನ್ನು ನೆಲಕ್ಕಿಟ್ಟಿತು. ಕೆಲವು ದಿನ ಬಿಟ್ಟು ಇನ್ನೊಮ್ಮೆ ಕೇಳಿದಳು. ಆಗಲೂ ನೆಲಕ್ಕಿಟ್ಟಿತು.

"ಅಕಿ ಒಲ್ಲೆ ಅಂದಾಳವ್ವ. ಇನ್ನ ಈ ಮಾತ ತಗೀಬ್ಯಾಡ," ಎಂದಳು ಮಹಾದೇವಿ.

"ಆತು ಬಿಡವ್ವ, ಅಕಿ ಒಲ್ಲೆ ಅಂದ್ರ ಒಲ್ಲೆ," ಎಂದಳು ರುಕ್ಮವ್ವ. ನನ್ನೆದುರೇ ಹೇಳಿದ್ದು.

ಅದಾದ ಮೇಲೆ ಒಂದು ಗುರುವಾರ. ಮಹಾದೇವಿ ಕೆಲಸಕ್ಕೆ ಹೋಗಿದ್ದಳು. ಬಸಲಿಂಗನಿಗೆ ರಾತ್ರಿ ಶಿಫ್ಟ್, ಮನೆಯಲ್ಲಿದ್ದ. ಬೆಳಿಗ್ಗೆ ತಿಂಡಿ ಹೊತ್ತಿನಲ್ಲಿ ರುಕ್ಮವ್ವ ಮೊಮ್ಮಗಳ ಕೈ ಹಿಡಿದು ಹೊರಬಂದಳು, ಹಿಂದೆ ಒಂದು ಚೀಲ ಹಿಡಿದು ಬಸಲಿಂಗ. ಗಂಗಾಳ ಕೈಯಲ್ಲಿ ಮೆಟ್ರೊ ಕಾರ್ಡಿತ್ತು. ಭಾನುವಾರಗಳಲ್ಲಿ ಮಾದಾವರ ಸ್ಟೇಷನ್ನಿಗೆ ಹೊರಟಾಗ ಮಾಡುವ ಹಾಗೆ ಹೆಜ್ಜೆಗೊಂದು ಕುಪ್ಪಳಿಸುತ್ತಿದ್ದಳು.

"ಏನವ್ವ, ಗುರ್ವಾರ ಮೆಟ್ರೊ?" ಎಂದೆ.

"ಹೂಂ ರೀ," ಎಂದಳು ರುಕ್ಮವ್ವ, ತಿರುಗಿ ನೋಡದೆ. ನಾನು ನಂಬಿದೆ. ಮಗುವಿನ ಕೈಯಲ್ಲಿ ಕಾರ್ಡಿತ್ತಲ್ಲ! ನಮ್ಮ ಸಾಲಿನಲ್ಲಿ ಅದಕ್ಕಿಂತ ದೊಡ್ಡ ಪ್ರಮಾಣ ಇರಲಿಲ್ಲ. ಟಾಟಾ ಕೂಡ ಮಾಡಿದೆ.

ಮಧ್ಯಾಹ್ನ ಒಂದು ಆಟೊದಲ್ಲಿ ವಾಪಸ್ ಬಂದರು. ಬಸಲಿಂಗ ಮಗಳನ್ನು ಎತ್ತಿಕೊಂಡು ಇಳಿದ. ಅವಳ ತಲೆಯ ಮೇಲೆ ಟವೆಲ್ ಹೊದಿಸಿತ್ತು. ಗಾಳಿಗೆ ಅದು ಜಾರಿತು. ಬೋಳು ತಲೆ, ಅದರ ತುಂಬ ಗಂಧ, ಕಿವಿಯ ಹಿಂದೆ ಕತ್ತಿ ತಾಗಿದ ಗಾಯ. ನೆಲಮಂಗಲದ ಆಚೆ ಯಾವುದೋ ಗುಡಿಗೆ ಕರೆದುಕೊಂಡು ಹೋಗಿದ್ದರು. ಕೈಕಾಲು ಹಿಡಿಯಲು ಅಲ್ಲಿ ಇಬ್ಬರು ಸಾಕಾಗಲಿಲ್ಲವಂತೆ, ಗುಡಿಗೆ ಬಂದವರೂ ಸೇರಿದರಂತೆ. ಕಾರ್ಡು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗೈಯಲ್ಲಿ ಅದರ ಅಂಚು ಕೆಂಪಗೆ ಮೂಡಿತ್ತು.

"ಮೆಟ್ರೊಗೆ ಅಂದ್ರಲ್ಲವ್ವಾ! ನಂಗೂ ಅಂಗೇ ಅಂದ್ರಲ್ಲ!" ಎಂದು ಕೂಗಿದೆ. ರುಕ್ಮವ್ವ ಟವೆಲನ್ನು ಮತ್ತೆ ಮಗುವಿನ ತಲೆಗೆ ಎಳೆದು ಒಳಗೆ ಹೋದಳು.

ಸಂಜೆ ಮಹಾದೇವಿ ಬಂದಳು. ವಿಷಯ ಅವಳಿಗೆ ಗೊತ್ತಾಗುವಾಗ ಜೊತೆಗಿರೋಣ ಎಂದು ನಾನೂ ಹಿಂದೆಯೇ ಹೋದೆ. ಗಂಗಾ ಮೂಲೆಯಲ್ಲಿ ಕೂತು, ಇಲ್ಲದ ಜಡೆಗಾಗಿ ಭುಜದ ಮೇಲೆ ಬೆರಳು ಆಡಿಸುತ್ತಿದ್ದಳು.

"ಜವಳಾ ಆತವ್ವ," ಎಂದಳು ರುಕ್ಮವ್ವ. "ದೇವರ ಸಾಲ ತೀರ್ತು. ಕೂದ್ಲಾ ಏನ, ಮತ್ತ ಬರ್ತಾವ. ಇನ್ನ ಮಾತೂ ಬರ್ತಾವ ನೋಡು."

ಮಹಾದೇವಿ ಕೂದಲಿನ ಬಗ್ಗೆ ಏನೂ ಕೇಳಲಿಲ್ಲ. "ಏನ ತೋರ್ಸಿ ಕರ್ಕೊಂಡ ಹೋದಿ?" ಎಂದಳು.

ರುಕ್ಮವ್ವ ಮುಖ ತಗ್ಗಿಸಿದಳು.

"ಯವ್ವಾ, ಏನ ತೋರ್ಸಿದಿ ಅಕಿಗೆ?"

"ಕಾರ್ಡು."

"ಕಾರ್ಡ ಯಾರ್ ಕೊಟ್ರು?" ಕಾರ್ಡು ಇರುತ್ತಿದ್ದದ್ದು ಮಗುವಿನ ಕೈಗಾಗಲಿ ಮುದುಕಿಯ ಕೈಗಾಗಲಿ ಸಿಗದ ಮೇಲಿನ ಅಟ್ಟದಲ್ಲಿ. ಬಸಲಿಂಗ ಗೋಡೆ ನೋಡುತ್ತಾ, "ಹಿರೇರು ಅಷ್ಟ ಅಳಾಕತ್ತಿದ್ರು, ನಾ ಏನ್ ಮಾಡ್ಲಿ," ಎಂದ.

ಅವಳು ಕಿರುಚಲಿಲ್ಲ, ಹೊಡೆಯಲಿಲ್ಲ. ಗಂಡನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು. ಮನೆಗೆ ನುಗ್ಗಿದ ಕಳ್ಳರು ತನ್ನವರೇ ಎಂದು ಗೊತ್ತಾದ ಮುಖ ಅದು. "ನಾಕು ವರ್ಷ ಹಿಡಿದಿತ್ತು ಅಕಿ ನಂಬಾಕ," ಎಂದಳು. ನಾಲ್ಕನೇ ದಿನ ರುಕ್ಮವ್ವ ತಾನಾಗಿಯೇ ಊರಿನ ಬಸ್ಸು ಹತ್ತಿದಳು. ಸಂಚಿ ಮೊಳೆಯ ಮೇಲೆ ಉಳಿಯಿತು.

ಆಮೇಲೆ ನಡೆದದ್ದು ಬೀದಿಗೆಲ್ಲ ಪವಾಡದ ಹಾಗೆ ಕಂಡಿತು. ಗಂಗಾ ಹಟ ಮಾಡುವುದನ್ನು ಬಿಟ್ಟಳು. ಯಾರು ಏನು ಕೊಟ್ಟರೂ ತೆಗೆದುಕೊಂಡಳು, ಕೂರು ಎಂದಲ್ಲಿ ಕೂತಳು. "ನೋಡಿ ರಾಮಮ್ಮ, ಜವಳ ತೆಗ್ಸಿದ್ದೇ ತಡ, ಮಗು ಎಂಗೆ ಹದಕ್ಕೆ ಬಂತು," ಎಂದರು ಜನ. ಬಸಲಿಂಗನೂ ಹೌದೆಂಬಂತೆ ತಲೆಯಾಡಿಸುತ್ತಿದ್ದ.

ಒಂದು ದಿನ ನಾನು ಬಿಳಿ ಬಟ್ಟೆ ತೋರಿಸಿದೆ. ತೆಗೆದುಕೊಂಡಳು. ಸ್ವಿಚ್ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ ಅವಳು ಒಳಗೆ ಹೋಗೇ ಇರಲಿಲ್ಲ. ಬಟ್ಟೆ ಹಿಡಿದು ಅಲ್ಲೇ ನಿಂತಿದ್ದಳು, ಕಿವಿ ಕೂಡ ಮುಚ್ಚಿಕೊಂಡಿರಲಿಲ್ಲ. ಮೈ ಗಡಗಡ ನಡುಗುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನು ಓಡಿಹೋಗಿ ಗಿರಣಿ ನಿಲ್ಲಿಸಿದೆ. ಹದಕ್ಕೆ ಬಂದದ್ದಂತೆ!

ಮಹಾದೇವಿಗೆ ಇದು ನನಗಿಂತ ಮೊದಲೇ ಗೊತ್ತಾಗಿತ್ತು. ಒಂದು ಭಾನುವಾರ ಅವಳು ಮಗಳ ಮುಂದೆ ಹಸಿರು ಸ್ವೆಟರ್ ಹಿಡಿದಳು. ಆ ಚುಚ್ಚುವ ಉಣ್ಣೆ ಗಂಗಾಗೆ ಸುತರಾಂ ಆಗುತ್ತಿರಲಿಲ್ಲ, ಮೊದಲೆಲ್ಲ ಕಂಡ ಕೂಡಲೇ ನೆಲಕ್ಕೆ ಎಸೆಯುತ್ತಿದ್ದಳು. ಈಗ ತೊಡಿಸಿಕೊಳ್ಳಲು ಎರಡೂ ಕೈ ಮೇಲೆತ್ತಿದಳು. ಮಹಾದೇವಿ ಸ್ವೆಟರನ್ನು ದೂರ ಒಗೆದು ಗೋಡೆಗೊರಗಿ ಕೂತಳು.

"ಮಾತ ಬರಲಿ ಅಂತ ಒಯ್ದ್ರಿ ಅಕ್ಕಾರ. ಇದ್ದ ಒಂದ ಮಾತನ್ನೂ ಕಸಗೊಂಡ್ರು," ಎಂದಳು.

ಆದರೂ ಅವಳು ಬಿಡಲಿಲ್ಲ. ತೋರಿಸಿದ್ದೇ ಮಾಡಿದಳು. ಕಾರ್ಡು ತೋರಿಸಿ ಮೆಟ್ರೊಗೇ ಕರೆದೊಯ್ದಳು. ದಾರಿಯುದ್ದಕ್ಕೂ ಗಂಗಾ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಿರುತ್ತಿದ್ದಳಂತೆ. ಮರುವಾರ ಮತ್ತೆ ಕರೆದೊಯ್ದಳು. ಹಗಲಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದೆ ರಜೆಯ ಮೇಲೆ ರಜೆ ಹಾಕಿದಳು. ಸೂಪರ್‌ವೈಸರ್ ಕೊನೇ ಸಲ ಎಂದು ಹೇಳಿ ಕಳಿಸಿದ. ಕೆಲಸ ಉಳಿಯಬೇಕಾದರೆ ಇನ್ನು ದಾರಿ ಒಂದೇ, ರುಕ್ಮವ್ವ ವಾಪಸ್ ಬರಬೇಕು. ಹಲ್ಲು ಕಚ್ಚಿಕೊಂಡು ಮಹಾದೇವಿಯೇ ಫೋನ್ ಮಾಡಿದಳು. ಮುದುಕಿ ಅತ್ತೂ ಕರೆದೂ ಒಪ್ಪಿದಳು.

ಅವಳು ಬರುವ ಬೆಳಿಗ್ಗೆ ನಾನು ಅವರ ಬಾಗಿಲ ಬಳಿಯೇ ಇದ್ದೆ. ಮಹಾದೇವಿ ಮೊಳೆಯಿಂದ ಸಂಚಿ ತೆಗೆದು ಮಗಳ ಮುಂದೆ ಹಿಡಿದಳು. ಗಂಗಾ ಅದನ್ನೇ ನೋಡಿದಳು. ಕೈಗೆ ತೆಗೆದುಕೊಂಡಳು. ಆಯಿತು, ಇದನ್ನೂ ತೆಗೆದುಕೊಂಡಳು ಎಂದು ನಾನು ನಿಟ್ಟುಸಿರು ಬಿಟ್ಟೆ. ಅವಳು ಸಂಚಿ ಹಿಡಿದು ಹೊಸ್ತಿಲು ದಾಟಿ ಬಂದಳು, ಬಗ್ಗಿ ಮೆಟ್ಟಿಲ ಮೇಲೆ ಇಟ್ಟಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಇಟ್ಲ್ರೀ ಅಕ್ಕಾರ! ಕೆಳಗಿಟ್ಲು ನೋಡ್ರಿ!" ಮಗಳ ಹಿಂದೆಯೇ ಹೊರಗೆ ಬಂದಿದ್ದ ಮಹಾದೇವಿ ನನ್ನ ಕೈ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅವಳಿಗೆ ಅದರ ಅರ್ಥ ಹೊಳೆಯಿತು, ಅಳು ಬಂತು.

ಅಷ್ಟರಲ್ಲಿ ಗೇಟಿನ ಹತ್ತಿರ ಆಟೊ ನಿಂತಿತು. ರೊಟ್ಟಿ ಗಂಟು ಹೊತ್ತ ರುಕ್ಮವ್ವ ಇಳಿದಳು. ಮುಚ್ಚಿದ ಬಾಗಿಲು ನೋಡಿದಳು, ಮೆಟ್ಟಿಲ ಮೇಲಿನ ತನ್ನ ಸಂಚಿ ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಾ ಹೊರಗ ಕುಂದರ್ತೀನಿ ಬಿಡ ಮಹಾದೇವಿ. ಅಕಿ ಕಣ್ಣಿಗೆ ಬೀಳಂಗಿಲ್ಲ. ನಿನ್ನ ಕೆಲಸಾ ಉಳೀಲಿ."

"ಕೇಳೀನಿ ಯವ್ವಾ. ಕೇಳಿದ ಮ್ಯಾಲ ಹೆಂಗ ಮೀರ್ಲಿ?"

"ನಾ ನಿನ್ನ ಹಡದಾಕಿ ಅಲ್ಲೇನ?"

"ಹೌದು. ಅದಕ ಅಕಿ ನಿನ್ನ ನಂಬಿದ್ಲು."

ರುಕ್ಮವ್ವ ಗಿರಣಿ ಕಟ್ಟೆಯ ಮೇಲೆ ಕೂತಳು. ನಾನು ಕೊಟ್ಟ ಟೀ ಆರಿಹೋಯಿತು. "ನಾ ಏನ ಕೂಸಿನ ಕೆಟ್ಟದ್ದ ಬಯಸಿದ್ನೇನ್ರಿ ಅಕ್ಕಾರ?" ಎಂದು ಕೇಳಿದಳು. ಬಯಸಿರಲಿಲ್ಲ. ಅದು ನನಗೂ ಗೊತ್ತು. ನಾನು ಲೋಟ ಎತ್ತಿಕೊಂಡು ತೊಳೆಯಲು ಹೋದೆ.

ಹೊರಡುವಾಗ ಅವಳು ಸಂಚಿ ಎತ್ತಿಕೊಳ್ಳಲು ಬಗ್ಗಿದಳು. ಮಹಾದೇವಿ ತಡೆದಳು. "ಅದನ್ನ ಇಟ್ಟ ಹೋಗವ್ವ. ಅಕಿ ಯಾವತ್ತರ ತಾನಾಗೇ ಎತ್ಕೊಂಡ್ರ ಫೋನ್ ಮಾಡ್ತೀನಿ." ತಾಯಿಯ ಚೀಲ ತಾನೇ ಹೊತ್ತು, ತುಮಕೂರು ರಸ್ತೆಯವರೆಗೆ ಹೋಗಿ ಬಸ್ಸು ಹತ್ತಿಸಿ ಬಂದಳು. ಮರುದಿನದಿಂದ ಅವಳು ಕೆಲಸಕ್ಕೆ ಹೋಗಲಿಲ್ಲ, ಈಗ ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುತ್ತಾಳೆ.

ಗಂಗಾಳ ಕೂದಲು ಈಗ ಕಿವಿ ಮುಚ್ಚುವಷ್ಟು ಬೆಳೆದಿದೆ. ಬಿಳಿ ಬಟ್ಟೆಯನ್ನು ಆಗಾಗ ಕೆಳಗಿಡುತ್ತಾಳೆ, ನಾನು ಕಾಯುತ್ತೇನೆ. ಸಂಚಿ ಇನ್ನೂ ಮೆಟ್ಟಿಲ ಮೇಲೇ ಇದೆ. ಬೆಳಿಗ್ಗೆ ಕಸ ಗುಡಿಸುವಾಗ ನಾವೆಲ್ಲ ಅದರ ಸುತ್ತ ಗುಡಿಸುತ್ತೇವೆ.