ದೇವರ ಪಾಲಿನ ಹಿಡಿ

ಕಮರಿಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಕ್ರೈಸ್ತರ ಅಕ್ಕ, ದಿನಾ ಜೋಳ ಬೀಸಲು ಕೂಡುವ ಮೊದಲು ಒಂದು ಹಿಡಿ ತೆಗೆದು ಮೂಲೆಯ ಗಡಿಗೆಗೆ ಹಾಕುತ್ತಿದ್ದಳು. ಅದು ದೇವರ ಪಾಲು. ಚರ್ಚಿನ ಮೂಲಕ ಇಲ್ಲದವರ ಮನೆ ಸೇರುತ್ತಿತ್ತು.

ಆಕೆಯ ಗಂಡನೂ ನಾನೂ ನೂಲಿನ ಮಿಲ್ಲಿನಲ್ಲಿ ಒಂದೇ ಪಾಳಿ. ಅರವತ್ತರ ದಶಕದ ಒಂದು ವರ್ಷ ಮಿಲ್ಲು ಬಾಗಿಲು ಹಾಕಿತು. ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟು ದುಡಿದವನು ನಾನು. ಒಬ್ಬರ ಕಾಳು ಮುಟ್ಟಿದವನಲ್ಲ. ಈಗ ಕೂತರೂ ನಿಂತರೂ ಒಂದೇ ಚಿಂತೆ: ಮನೆಯ ಜೋಳ ಇನ್ನೆಷ್ಟು ದಿನ?

ಆಕೆ ಮಾತ್ರ ಹಿಡಿ ತೆಗೆಯುವುದನ್ನು ಬಿಡಲಿಲ್ಲ.

“ನಿಮ್ಮ ದೇವರಿಗೂ ಮಿಲ್ ಬಂದ್ ಆಗೇತೇನ್ರಿ ಅಕ್ಕಾರ, ಹಸಗೊಂಡು ಕುಂತಾನೇನು?” ಎಂದು ಅಣಕಿಸಿದೆ.

“ನಮ್ಮ ಪಾಡು ಅಂವಗ ಗೊತ್ತೈತಿ ಬಿಡ್ರಿ,” ಎಂದಳು. ಯಾವುದಕ್ಕೂ ಅದೇ ಮಾತು.

ಕಡೆಗೆ ನಮ್ಮ ಜೋಳ ತೀರಿ ಬೀಸುಕಲ್ಲು ಸುಮ್ಮನಾಯಿತು. ಎರಡು ದಿನ ಅದರ ಸದ್ದಿಲ್ಲದ್ದು ಗೋಡೆಯಾಚೆ ಆಕೆಗೆ ತಿಳಿಯಿತು. ಗಡಿಗೆ ಹೊತ್ತು ಬಂದಳು.

“ವಾಪಸ್ ಒಯ್ರಿ. ನಾ ಭಿಕ್ಷಾ ತಗೊಳ್ಳಾಂವಲ್ಲ,” ಎಂದೆ.

“ಹ್ಯಾಂಗ ಒಯ್ಯಲಿ, ಅಣ್ಣಾರ? ದೇವರಿಗೆ ಕೊಟ್ಟದ್ದು ನಮ್ಮ ಮನ್ಯಾಗ ಬೇಯಂಗಿಲ್ಲ.”

ಆಕೆ ಗಡಿಗೆಯನ್ನು ಹೊಸ್ತಿಲೊಳಗೆ ಇಳಿಸಿದಳು. ಅವರ ಮನೆಯ ಜೋಳವೂ ತಳ ಕಂಡಿದೆಯೆಂದು ಆಕೆಯ ಗಂಡನೇ ಹೇಳಿದ್ದ.

“ನಿಮಗ ಅಂಜಿಕಿ ಆಗೂದಿಲ್ಲೇನ್ರಿ?” ಎಂದೆ.

“ದಿನಾ ಆಗ್ತೈತ್ರಿ. ಹಿಡಿ ತೆಗೆದಿಟ್ಟ ಮ್ಯಾಲೆ ಅದೂ ಒಂದು ಹಿಡಿ ಕಡಿಮಿ ಆಗ್ತೈತಿ.”

ಸಂಜೆ ಹೆಂಡತಿ ಬೀಸಿದಳು, ರೊಟ್ಟಿ ಬಡಿದಳು. ನಾನು ತಾಟಿನ ಮುಂದೆ ಕೂತು ಗೋಡೆಯಾಚೆಯ ಕಲ್ಲಿಗೆ ಕಿವಿಗೊಟ್ಟಿದ್ದೆ. ಅದು ತಿರುಗಿದ ಸದ್ದು ಕೇಳಿದ ಮೇಲೆಯೇ ರೊಟ್ಟಿ ಮುರಿದೆ.