ಬೆನ್ನು ಮುಚ್ಚುವ ಗೌನು

ಬೀದಿಯವರಿಗೆಲ್ಲ ಅವಳು ಗುಂಡಿಯಕ್ಕ. ಮಾರುಕಟ್ಟೆಯ ಮೆಟ್ಟಿಲ ಕೆಳಗೆ, ಕಿಷ್ಕಿಂಧೆಯಂಥ ಜಾಗದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಯಾರ ಅಂಗಿಯಲ್ಲಿ ಗುಂಡಿ ಕಿತ್ತುಹೋಗಿದ್ದರೂ ಕರೆದು ಕೂರಿಸಿ, ಬೈದು, ಹಾಕಿ ಕಳಿಸುತ್ತಿದ್ದಳು.

ಅವಳ ಅಮ್ಮ ಶಾಲೆಯೊಂದರಲ್ಲಿ ಆಯಾ ಆಗಿದ್ದವಳು. ಗಂಡ ಹೋದ ಮೇಲೆ ಹೊಟ್ಟೆಬಟ್ಟೆ ಕಟ್ಟಿ ಮಗನನ್ನೂ ಮಗಳನ್ನೂ ಬೆಳೆಸಿದಳು. ಬಾಗಿಲಿಗೆ ಹಾಲಿನವನು ಬಂದರೂ ಕನ್ನಡಿ ನೋಡಿಕೊಳ್ಳದೆ ಹೊರಬಂದವಳಲ್ಲ. ಅಂಥವಳು ಕೊನೆಗೆ ಪಾರ್ಶ್ವವಾಯು ಬಡಿದು, ಮಾತು ನಿಂತು, ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮಲಗಿದಳು. ಎಡಗೈ ಬಿದ್ದುಹೋಗಿತ್ತು; ಆಡುತ್ತಿದ್ದ ಬಲಗೈ ಸದಾ ಬೆನ್ನ ಹಿಂದೆಯೇ ಇರುತ್ತಿತ್ತು.

"ಬೆನ್ನು ನೋಯ್ತಿದೆಯೇನಮ್ಮ?" ಎನ್ನುತ್ತ ಮಗಳು ಎಣ್ಣೆ ತಿಕ್ಕುತ್ತಿದ್ದಳು. ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಅಮ್ಮ ತೀರಿಕೊಂಡ ಮೇಲೆ ಸಾಮಾನು ತರಲು ಹೋದಾಗ ನರ್ಸಮ್ಮ ಹೇಳಿದಳು: "ಅದು ನೋವಲ್ಲ ಕಣಕ್ಕ. ಹಿಂದೆ ಕಟ್ಟೋ ಗೌನಿನ ಲಾಡಿ ಕಿತ್ತುಹೋಗಿತ್ತು. ಯಾರಾದ್ರೂ ಬಂದ್ರೆ ಸಾಕು, ಹಿಂದೆ ಬಟ್ಟೆ ಹಿಡ್ಕೊಳ್ತಿದ್ರು, ಪಾಪ. ಇಲ್ಲಿರೋ ಗೌನೆಲ್ಲ ಹಾಗೇ."

ಎಣ್ಣೆ ತಿಕ್ಕಲು ಅನುಕೂಲವಾಗಲೆಂದೇ ಹಿಂದೆ ತೆರೆದಿಟ್ಟಿದ್ದಾರೆ ಅಂದುಕೊಂಡಿದ್ದಳು ಗುಂಡಿಯಕ್ಕ.

ಅಣ್ಣನಿಗೆ ಆಸ್ಪತ್ರೆಯ ಅಂಗಳದಲ್ಲಿ ಅಮ್ಮನ ಹೆಸರಿನ ಕಲ್ಲುಬೆಂಚು ಹಾಕಿಸುವ ಆಸೆ. "ನಾಲ್ಕು ಜನ ಹೆಸರು ಓದ್ಬೇಕು ಕಣೇ."

"ಓದಿ ಅದರ ಮೇಲೇ ಕೂರ್ತಾರಲ್ಲೋ ಅಣ್ಣ!"

ಅವನು ನಕ್ಕ. ನಗುತ್ತಲೇ ಇಬ್ಬರೂ ಅತ್ತರು.

"ನೀನು ಬಟ್ಟೆ ತಂದ್ಕೊಡು. ವಾರ್ಡಿಗೆ ಗೌನು ಹೊಲಿಯೋದು ನನಗಿರಲಿ" ಎಂದಳು.

ಅವನು ಮೆತ್ತನೆಯ ಹತ್ತಿಬಟ್ಟೆ ತಂದ. ಮೊದಲ ಗೌನನ್ನು ಗುಂಡಿಯಕ್ಕ ತಾನೇ ತೊಟ್ಟು, ಎಡಗೈಯನ್ನು ಸೊಂಟಕ್ಕೆ ಒತ್ತಿ, ಬಲಗೈ ಒಂದರಲ್ಲೇ ಲಾಡಿ ಕಟ್ಟಲು ನೋಡಿದಳು. ಆಗಲಿಲ್ಲ. ಬಿಚ್ಚಿ, ಬೆನ್ನಿನ ಬಟ್ಟೆ ಒಂದರ ಮೇಲೊಂದು ಬರುವಂತೆ ಹೊಲಿದು, ಪಕ್ಕಕ್ಕೆ ಒತ್ತುಗುಂಡಿ ಇಟ್ಟಳು.

ಹೊಲಿದ ಗೌನುಗಳ ಗಂಟನ್ನು ಆಸ್ಪತ್ರೆಗೆ ಕೊಟ್ಟುಬಂದ ಮುಂದಿನ ವಾರ ವಾರ್ಡಿಗೆ ಹೋದಳು. ಅಮ್ಮನ ಮಂಚದಲ್ಲಿ ಬೇರೊಬ್ಬ ಮುದುಕಿ, ಹೊಸ ಗೌನಿನಲ್ಲಿ ಗೋಡೆಗೊರಗಿ ಕೂತಿದ್ದಳು.

"ಹೊಲಿದೋಳು ನೀನೇನಮ್ಮ? ಕನ್ನಡಕಕ್ಕೆ ಒಂದು ಜೇಬು ಇಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಇಡ್ತೀನಿ ದೊಡ್ಡಮ್ಮ" ಎಂದು ನಕ್ಕಳು.

ಮೆಟ್ಟಿಲಿಳಿಯುವಾಗ, ಅಮ್ಮನೂ ಹೀಗೆ ಬಾಯಿಬಿಟ್ಟು ಬೈದಿದ್ದರೆ ಎಂಬ ಯೋಚನೆ ಬಂತು. ಕಂಬಿ ಹಿಡಿದು ಅಲ್ಲೇ ಕೂತು, ಬಂದುಹೋಗುವವರ ಪರಿವೆಯಿಲ್ಲದೆ ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಮುಖ ಒರೆಸಿಕೊಂಡು, ಜೇಬಿನ ಬಟ್ಟೆ ಕೇಳಲು ಅಣ್ಣನ ಮನೆಯ ಕಡೆ ನಡೆದಳು.