ಮಗ್ಗ ನಿಲ್ಲಿಸಿ ಕೇಳುತ್ತಿದ್ದ ಗೌರಕ್ಕ

ಗೌರಕ್ಕ ಒಂದು ಮಾತು ಕೇಳಿದಳೆಂದರೆ ಉತ್ತರ ಬರುವ ತನಕ ಮಗ್ಗ ನಿಲ್ಲಿಸಿ ಕೂಡುತ್ತಿದ್ದಳು. ಹನುಮಸಾಗರದ ನಮ್ಮ ಓಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸಪ್ಪಳ. ಅದರ ನಡುವೆ ಅವಳ ಮನೆಯದು ಮಾತ್ರ ಆಗಾಗ ತಟ್ಟನೆ ನಿಂತುಬಿಡುತ್ತಿತ್ತು. "ಗೌರಕ್ಕ ಏನೋ ಕೇಳ್ಯಾಳ, ಈರಪ್ಪ ಇನ್ನೂ ಹೇಳಿಲ್ಲ" ಎಂದು ಓಣಿಯ ಹೆಂಗಸರು ನಗುತ್ತಿದ್ದರು.

ಈರಪ್ಪ ನನ್ನ ಅಣ್ಣ. ಹುಟ್ಟಿನಿಂದಲೇ ಅವನ ಬುದ್ಧಿ ನಿಧಾನ. ಮಾತು ಕಿವಿಗೆ ಬಿದ್ದು, ಒಳಗಿಳಿದು, ಉತ್ತರವಾಗಿ ಹೊರಗೆ ಬರಲು ಹೊತ್ತು ಹಿಡಿಯುತ್ತಿತ್ತು. ಅಷ್ಟು ಕಾಯುವ ಪುರುಸೊತ್ತು ಹೆತ್ತ ಅವ್ವನಿಗೂ ಇರಲಿಲ್ಲ, ನನಗೂ ಇರಲಿಲ್ಲ. ನಾವೇ ಕೇಳಿ ನಾವೇ ಉತ್ತರ ಹೇಳಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಿದ್ದೆವು.

ಎಪ್ಪತ್ತರ ದಶಕದ ಶುರುವಿನಲ್ಲಿ ಅವನಿಗೆ ಇಪ್ಪತ್ತು ದಾಟಿತ್ತು, ನಾನು ಮ್ಯಾಟ್ರಿಕ್ ಓದುತ್ತಿದ್ದೆ. ಅಪ್ಪ ತೀರಿಹೋಗಿದ್ದ. ಅವ್ವ ಕೂಲಿಗೆ ಹೋಗುವಾಗ ಅಣ್ಣನ ಸೊಂಟಕ್ಕೆ ಹಳೆಯ ಸೀರೆ ಸುತ್ತಿ ಪಡಸಾಲೆಯ ಕಂಬಕ್ಕೆ ಕಟ್ಟಿ ಹೋಗುತ್ತಿದ್ದಳು. ಬಾವಿಯ ಭಯ, ಬಸ್ಸಿನ ಭಯ, ಕಲ್ಲು ಹೊಡೆಯುವ ಹುಡುಗರ ಭಯ. ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ. ನಾನು ಸಾಲಿಯಿಂದ ಬಂದು ಗಂಟು ಬಿಚ್ಚುತ್ತಿದ್ದೆ. ಅದು ನನಗೆ ಚಪ್ಪಲಿ ಬಿಡುವಷ್ಟೇ ಸಹಜವಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಎದುರು ಮನೆಯ ಗೌರಕ್ಕ ಒಂದು ಸಂಜೆ ಬಂದು ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತಳು. ಗಂಡ ಸತ್ತು, ತಂಗಿಯ ಮಗಳು ಶಾಂತಾಳನ್ನು ಸಾಕಿಕೊಂಡಿದ್ದ ನೇಕಾರ ಹೆಂಗಸು. ಬಾಯಿ ಬಲು ಜೋರು.

"ಯಲ್ಲವ್ವ, ಈರಪ್ಪಗ ಏನ್ ಸೇರತೈತಿ?"

"ತಿನ್ನೂದು ಸೇರತೈತಿ, ಇನ್ನೇನ ಸೇರತೈತೆವ್ವ," ಎಂದಳು ಅವ್ವ.

"ನಿನ್ನ ಕೇಳಲಿಲ್ಲ, ಅವನ್ನ ಕೇಳೀನಿ." ಅವನ ಕಡೆ ತಿರುಗಿ ಸುಮ್ಮನೆ ಕೂತಳು. ಅವ್ವ ರೊಟ್ಟಿ ಬಡಿದು ಮುಗಿಸಿದಳು. ನಾನು ಎರಡು ಲೆಕ್ಕ ಬಿಡಿಸಿದೆ. ಕೊನೆಗೆ ಅಣ್ಣ "ಗಾಲಿ" ಎಂದ.

ಬಂಡಿ ಹೋದರೆ ಅವನು ಕೂಗುವುದು ನಮಗೆಲ್ಲ ಗೊತ್ತಿತ್ತು. ಎತ್ತಿಗೆ ಹೆದರುತ್ತಾನೆ ಅಂದುಕೊಂಡಿದ್ದೆವು. "ಗಾಲಿ ನಮ್ಮ ಮನ್ಯಾಗೂ ಐತಿ. ನಾಳಿಗೆ ಬಾರಪಾ," ಎಂದು ಎದ್ದಳು ಗೌರಕ್ಕ.

ಅವಳ ಮನೆಯ ಗಾಲಿ ಎಂದರೆ ರಾಟಿ. ಎಡಗೈಯಲ್ಲಿ ನೂಲು ಹಿಡಿದು ಬಲಗೈಯಲ್ಲಿ ರಾಟಿ ತಿರುವಿದರೆ ಕಡ್ಡಿಯ ಮೇಲೆ ನೂಲು ಸುತ್ತಿಕೊಳ್ಳುತ್ತದೆ, ಅದೇ ಕಂಡಿಕಿ. ಅದನ್ನು ಲಾಳಿಯೊಳಗೆ ಕೂರಿಸಿ ನೇಯುತ್ತಾರೆ. ಚಿಕ್ಕ ಮಕ್ಕಳು ಎರಡು ದಿನದಲ್ಲಿ ಕಲಿಯುವ ಈ ಕೆಲಸಕ್ಕೆ ಅಣ್ಣ ಇಡೀ ಬೇಸಿಗೆ ತೆಗೆದುಕೊಂಡ. ತಿರುವುವ ಕೈ ಯಾವುದೆಂದು ಮರೆಯುತ್ತಾನೆಂದು ಅವಳು ಅವನ ಬಲಗೈಗೆ ಕೆಂಪು ದಾರ ಕಟ್ಟಿದಳು. ಎಷ್ಟು ಸುತ್ತಿದರೆ ಸಾಕೆಂದು ತಿಳಿಯದೆ ಕಂಡಿಕಿಯನ್ನು ಬದನೆಕಾಯಿಯಷ್ಟು ದಪ್ಪ ಮಾಡಿಬಿಡುತ್ತಿದ್ದ. ಅದಕ್ಕೆ ಒಂದು ಹಳೆಯ ಲಾಳಿ ಕೊಟ್ಟು, "ಇದರಾಗ ಹಿಡಿಸಿದ್ರ ಛಲೋ. ಹಿಡಿಸಲಿಲ್ಲಂದ್ರ ಬಿಚ್ಚು" ಎಂದಳು. ಆಮೇಲೆ ಅವನು ಯಾರನ್ನೂ ಕೇಳಬೇಕಾಗಲಿಲ್ಲ. ಕಂಬಕ್ಕೆ ಕಟ್ಟುತ್ತಿದ್ದ ಸೀರೆಯನ್ನು ಅವ್ವ ಕೌದಿಗೆ ಹಾಕಿ ಹೊಲಿದಳು.

ಮುಂದೆ ಓಣಿಯ ಇನ್ನಿಬ್ಬರು ಅಂಥವರು ಹಗಲುಹೊತ್ತು ಅವಳ ಮನೆಗೆ ಬರತೊಡಗಿದರು. ಊರವರು "ಹುಚ್ಚರ ಸಾಲಿ" ಎಂದು ಹೆಸರಿಟ್ಟರು. "ಹೌದು, ನೀವೂ ಬರ್ರಿ, ಜಾಗಾ ಐತಿ" ಎಂದು ಅವಳು ಒಳಗಿನಿಂದಲೇ ಕೂಗುತ್ತಿದ್ದಳು. ಈರ್ಯಾ ಎಂದು ಯಾರಾದರೂ ಕರೆದರೆ ಮುಗಿಯಿತು. "ಮೀಸಿ ಬಂದ ಗಂಡಸಿಗೆ ಈರ್ಯಾ ಅಂತೀರೇನು?" ಎಂದು ಮುಖದ ನೀರಿಳಿಸುತ್ತಿದ್ದಳು. ಆ ಮೀಸೆಗೂ ಒಂದು ಕತೆ ಇದೆ. ಕ್ಷೌರ ಮಾಡುವವನು ರೂಢಿಯಂತೆ ನನ್ನ ಕಡೆ ನೋಡಿ "ತಗೀಲೇನ್ರಿ?" ಎಂದ. ನಾನು ಹೂಂ ಎನ್ನುವಷ್ಟರಲ್ಲಿ ಎದುರು ಮನೆಯಿಂದ ಗೌರಕ್ಕ, "ಮೀಸಿ ಅವಂದು, ಅವನ್ನ ಕೇಳು!" ಎಂದಳು. ಕತ್ತಿ ಹಿಡಿದ ಕೈ ಹಾಗೇ ನಿಂತಿತು. ಬಹಳ ಹೊತ್ತಿನ ಮೇಲೆ ಅಣ್ಣ "ಇರ್ಲಿ" ಎಂದ.

ನನಗೆ ಯಲಬುರ್ಗಿಯ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಎಂಟು ವರ್ಷ ಅಣ್ಣ ಕಂಡಿಕಿ ಸುತ್ತಿದ. ಆಮೇಲೆ ಅವ್ವ ತೀರಿಹೋದಳು. ನನಗೆ ಆಗಷ್ಟೇ ಮದುವೆಯಾಗಿತ್ತು. ಅತ್ತೆ ಮನೆಯವರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ಅಣ್ಣನ ಸುದ್ದಿ ಬಂದಾಗಲೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. "ನಾ ಇರೂತನಕ ನೋಡತೀನಿ, ಆಮ್ಯಾಲ ಶಾಂತಾ ಅದಾಳ" ಎಂದಳು ಗೌರಕ್ಕ. ಎಷ್ಟೆಂದರೂ ಪರರು, ಎಷ್ಟು ದಿನ ಎಂದೆ ನಾನು. ನಿಜ ಹೇಳಬೇಕೆಂದರೆ ನನಗೆ ನನ್ನ ಹೆಗಲು ಹಗುರಾಗಬೇಕಿತ್ತು. ಎರಡು ಬಸ್ಸು ಬದಲಿಸಿ ಹೋಗಬೇಕಾದ ಊರಿನಲ್ಲಿ ಇಂಥವರಿಗೆಂದೇ ಒಂದು ಆಶ್ರಯಧಾಮ ಇದೆಯೆಂದು ಕೇಳಿ ಅರ್ಜಿ ತಂದೆ.

ಅರ್ಜಿ ಬರೆಯುವುದರಲ್ಲಿ ನಾನು ಗಟ್ಟಿಗ. ಮೇಲಿನವರು ಮರುಪ್ರಶ್ನೆ ಹಾಕದಂತೆ ಹೇಗೆ ಬರೆಯಬೇಕೆಂದು ನನ್ನನ್ನೇ ಜನ ಕೇಳಿಕೊಂಡು ಬರುತ್ತಿದ್ದರು. ಏನಾದರೂ ಮಾಡಬಲ್ಲ ಎಂದು ಬರೆದರೆ, ಹಾಗಾದರೆ ಮನೆಯಲ್ಲೇ ಇರಲಿ ಎಂದಾರು. 'ಸದರಿ ವ್ಯಕ್ತಿಯು ಸ್ವಂತವಾಗಿ ಯಾವುದೇ ಕೆಲಸ ಮಾಡಲು ಅಸಮರ್ಥನಿರುತ್ತಾನೆ' ಎಂದು ದುಂಡಗೆ ಬರೆದೆ. ನೆರೆಯವರ ಸಾಕ್ಷಿ ಬೇಕಿತ್ತು. ಗೌರಕ್ಕನ ಮುಂದೆ ಕಾಗದ ಹಿಡಿದೆ.

"ಕಂಡಿಕಿ ಸುತ್ತತಾನಂತ ಬರದಿಯಿಲ್ಲೋ, ಮಲ್ಲೇಶಿ? ಲಾಳ್ಯಾಗ ಹಿಡಿಸತೈತೋ ಇಲ್ಲೋ ತಾನ ನೋಡತಾನ, ಅದನ್ನೂ ಬರಿ."

"ಬರ್ದೀನಿ, ಗೌರಕ್ಕ."

ಅವಳು ಹೆಬ್ಬೆಟ್ಟು ಒತ್ತಿದಳು. ನಾನು ಅಣ್ಣನನ್ನು ಕರೆಯಲು ಹೋದ ದಿನ ಅವನು ಹಸಿರು ನೂಲು ಸುತ್ತುತ್ತಿದ್ದ. "ಅಷ್ಟ ಹಸರು ಮುಗಿಸಿ ಬರಲಿ ತಡಿ" ಎಂದಳು. ಬಸ್ಸು ತಪ್ಪುತ್ತದೆಂದು ಅವನ ರಟ್ಟೆ ಹಿಡಿದು ಎಬ್ಬಿಸಿದೆ.

ಮುಂದೆ ಅವಳು ಕಂಡಾಗಲೆಲ್ಲ ಅಣ್ಣನನ್ನು ನೋಡಬೇಕೆಂದು ಗಂಟುಬಿದ್ದಳು. ನಾನು ಇವತ್ತು ನಾಳೆ ಎಂದು ವರ್ಷ ತಳ್ಳಿದೆ. ಕೊನೆಗೆ ಇಬ್ಬರೂ ಹೋದೆವು. ಅಂಗಳದ ಒಂದು ಕಡೆ ಶೆಡ್ಡಿನಲ್ಲಿ ಹತ್ತಾರು ಮಂದಿ ಹಗ್ಗ ಹೊಸೆಯುತ್ತ, ಕುರ್ಚಿಗೆ ಬೆತ್ತ ಹೆಣೆಯುತ್ತ ಕೂತಿದ್ದರು. ಇನ್ನೊಂದು ಕಡೆ ಗೋಡೆಗೆ ಒರಗಿ ಸುಮ್ಮನೆ ಕೂತವರಲ್ಲಿ ಅಣ್ಣನಿದ್ದ. ತಲೆ ಬೋಳಿಸಿದ್ದರು. ಮೀಸೆ ಇರಲಿಲ್ಲ.

"ಇವಗ್ಯಾಕ ಕೆಲಸ ಕೊಟ್ಟಿಲ್ರಿ?" ಎಂದು ಗೌರಕ್ಕ ಮೇಲ್ವಿಚಾರಕನನ್ನು ಕೇಳಿದಳು.

ಅವನು ಕೆಟ್ಟ ಮನುಷ್ಯನಲ್ಲ. ಫೈಲು ತಂದು ತೋರಿಸಿದ. "ನಾವೇನ್ ಮಾಡೂಣ್ರಿ ಅಮ್ಮಾ, ಮನಿಯವರ ಹಿಂಗ ಬರಕೊಟ್ಟಾರ" ಎಂದು ನಾನು ಬರೆದ ಸಾಲನ್ನು ಗಟ್ಟಿಯಾಗಿ ಓದಿದ. ಕೆಳಗೆ ಸಾಕ್ಷಿ, ಗೌರವ್ವ, ಹೆಬ್ಬೆಟ್ಟು ಎಂಬುದನ್ನೂ ಓದಿದ.

ಗೌರಕ್ಕ ತನ್ನ ಹೆಬ್ಬೆಟ್ಟನ್ನು ತಿರುಗಿಸಿ ನೋಡಿಕೊಂಡಳು. ಅದನ್ನು ಸೆರಗಿನಿಂದ ಒರೆಸಿದಳು. ನನ್ನ ಕಡೆ ನೋಡಲಿಲ್ಲ. ಹೋಗಿ ಅಣ್ಣನ ಎದುರು ನೆಲದ ಮೇಲೆ ಕೂತು, "ಈರಪ್ಪ, ಇಲ್ಲಿ ಇರತೀಯೋ, ಮನಿಗಿ ಬರತೀಯೋ?" ಎಂದಳು.

ಮೇಲ್ವಿಚಾರಕ ಎರಡು ಸಲ ಗಡಿಯಾರ ನೋಡಿದ. ಅವನಿಗೆ ತಿಳಿಯೋದಿಲ್ಲ ಗೌರಕ್ಕ ಎನ್ನಲು ನಾನು ಬಾಯಿ ತೆರೆದೆ. ಅವಳು ತಿರುಗದೆಯೇ ಕೈಯೆತ್ತಿ ನನ್ನನ್ನು ತಡೆದಳು. ಗೋಡೆಯ ನೆರಳು ನಮ್ಮ ಕಾಲಿನ ತನಕ ಬಂತು.

"ಹಸರ ಉಳದೈತಿ," ಎಂದ ಅಣ್ಣ.

ಅವತ್ತೇ ಗೌರಕ್ಕನ ಮನೆಗೆ ಕರೆತಂದೆವು. ಆದರೆ ಅವನ ಕೈ ಮೊದಲಿನಂತಾಗಲು ಮತ್ತೊಂದು ಬೇಸಿಗೆ ಬೇಕಾಯಿತು. ಗೌರಕ್ಕ ಮತ್ತೆ ಕೆಂಪು ದಾರ ಕಟ್ಟಿದಳು, ಮತ್ತೆ ಮೊದಲಿಂದ. ಅವಳ ಕಣ್ಣು ಆಗಲೇ ಮಂಜಾಗಿತ್ತು.

ನಾನು ಹಬ್ಬಕ್ಕೆ ಹೋದಾಗಲೆಲ್ಲ ಅವಳು ಚಹಾ ಕೊಟ್ಟಳು, ಮಕ್ಕಳ ಕ್ಷೇಮ ಕೇಳಿದಳು. ಅರ್ಜಿಯ ಮಾತೆತ್ತಲಿಲ್ಲ. ಒಂದೇ ಸಲ, ಎಂಬತ್ತರ ದಶಕದ ನಡುವೆ, ನಾನು ಹೊರಟು ಬಾಗಿಲಲ್ಲಿ ನಿಂತಾಗ ಮಗ್ಗ ನಿಂತಿತು. ಮಗ್ಗದ ಕೆಳಗಿನ ತಗ್ಗಿನಲ್ಲಿ ಕಾಲಿಳಿಬಿಟ್ಟು ಕೂತಿದ್ದವಳು ತಲೆಯೆತ್ತಿ, "ಮಲ್ಲೇಶಿ, ನಾ ಕೇಳಿದಾಗ ಬರ್ದೀನಿ ಅಂದೀ. ಯಾಕ ಹಂಗಂದಿ?" ಎಂದಳು. ಸಿಟ್ಟಿನ ದನಿಯಲ್ಲ, ಈರಪ್ಪನನ್ನು ಕೇಳುವಾಗಿನ ದನಿ.

"ಬಸ್ಸು ಬರೂ ಹೊತ್ತಾತು ಗೌರಕ್ಕ," ಎಂದು ನಾನು ಹೊರಬಿದ್ದೆ. ಓಣಿಯ ತಿರುವಿನ ತನಕ ಅವಳ ಮಗ್ಗದ ಸಪ್ಪಳ ಮತ್ತೆ ಕೇಳಲಿಲ್ಲ. ಅದೇ ಅವಳನ್ನು ನಾನು ಕೊನೆಯ ಸಲ ನೋಡಿದ್ದು.

ಅವಳು ಸತ್ತ ಸುದ್ದಿ ತಡವಾಗಿ ತಲುಪಿತು. ನಾನು ಹೋಗುವಷ್ಟರಲ್ಲಿ ಮೂರು ದಿನವಾಗಿತ್ತು. ಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಶಾಂತಾ ಅದನ್ನು ಮುಗಿಸುವವಳಿದ್ದಳು. ಅಣ್ಣ ಆಗಲೇ ಅದಕ್ಕೆ ಕಂಡಿಕಿ ಸುತ್ತುತ್ತಿದ್ದ. ನಾನು ಅವನ ಎದುರು ನೆಲದ ಮೇಲೆ ಕೂತೆ.

"ಅಣ್ಣಾ, ನನ್ನ ಮ್ಯಾಲ ಸಿಟ್ಟೈತೇನು?"

ಕೇಳಿ ಸುಮ್ಮನಾದೆ. ಹುಟ್ಟಿದಾಗಿನಿಂದ ಅವನಿಗಾಗಿ ನಾನು ಕಾದದ್ದು ಅದೇ ಮೊದಲು. ಕಂಡಿಕಿ ತುಂಬಿತು, ಲಾಳಿಯಲ್ಲಿಟ್ಟು ನೋಡಿದ, ಬುಟ್ಟಿಗೆ ಹಾಕಿದ, ಇನ್ನೊಂದು ಕಡ್ಡಿ ಎತ್ತಿಕೊಂಡ. ನಾನು ಹಿಡಿಯಬೇಕಿದ್ದ ಕುಷ್ಟಗಿ ಬಸ್ಸು ಹಾರ್ನ್ ಹೊಡೆದು ಹೋಯಿತು. ಶಾಂತಾ ನನ್ನ ಮುಖ ನೋಡಿದಳು. ನಾನು ಏಳಲಿಲ್ಲ.

"ಐತಿ," ಎಂದ ಅಣ್ಣ.

ಆಮೇಲೆ ರಾಟಿ ತಿರುವತೊಡಗಿದ. ಇದ್ದದ್ದನ್ನು ಇದ್ದ ಹಾಗೆ ಹೇಳಲು ಅವನಿಗೆ ಒಂದೇ ಮಾತು ಸಾಕಾಯಿತು. ಮಗ್ಗ ನಿಲ್ಲಿಸಿ ಕೇಳಿದವಳಿಗೆ ನಾನು ಅಷ್ಟನ್ನೂ ಹೇಳದೆ ಬಸ್ಸು ಹಿಡಿದಿದ್ದೆ.